ಒಣ ಯೀಸ್ಟ್‌ಗೆ ಮೊದಲು ನೀರು ಕೊಡಿ
ಸಂಪಾದಕರೇ,

ಮನೆಯಲ್ಲಿ ಬಿಯರ್ ಮಾಡುವವರು ಒಣ ಯೀಸ್ಟ್ ಪೊಟ್ಟಣ ಹರಿದು ಸೀದಾ ಮಾಲ್ಟ್ ರಸಕ್ಕೆ (ಮೊಳಕೆ ಬರಿಸಿ ಒಣಗಿಸಿದ ಧಾನ್ಯದ ಸಿಹಿ ರಸ) ಸುರಿಯುವುದನ್ನು ಕಂಡರೆ ಸಂಕಟವಾಗುತ್ತದೆ. ಒಣಗಿದ ಕೋಶದ ಪೊರೆಗೆ ಮೊದಲ ಕೆಲವು ನಿಮಿಷ ಯಾವುದನ್ನೂ ತಡೆಯುವ ಶಕ್ತಿ ಇರುವುದಿಲ್ಲ, ಸಕ್ಕರೆ ಜಾಸ್ತಿ ಇರುವ ರಸಕ್ಕೆ ಬಿದ್ದರೆ ಒಂದಷ್ಟು ಕೋಶಗಳು ಅಲ್ಲೇ ಸಾಯುತ್ತವೆ. ಮೊದಲು ನೆನೆಸಲು ಕುದಿಸಿ ಆರಿಸಿದ ನೀರು ಸಾಕು, ಯೀಸ್ಟ್‌ನ ತೂಕದ 10 ಪಟ್ಟು. ಏಲ್ ಎಂಬ ಬಗೆಯ ಬಿಯರ್‌ನ ಯೀಸ್ಟ್ ಆದರೆ ನೀರು 30ರಿಂದ 35 ಡಿಗ್ರಿ ಸೆಲ್ಸಿಯಸ್ ಬಿಸಿ ಇರಲಿ. ಯೀಸ್ಟನ್ನು ನೀರಿನ ಮೇಲೆ ಉದುರಿಸಿ 15 ನಿಮಿಷ ಸುಮ್ನೆ ಬಿಡಿ. ಯೀಸ್ಟ್ ಕಾಳು ನೆನೆದು ಮೆತ್ತಗಾದ ಮೇಲೆ ಮೆಲ್ಲಗೆ ಕಲಕಿದರೆ ಕೆನೆ ಬಣ್ಣಕ್ಕೆ ತಿರುಗುತ್ತದೆ. ನೊರೆ ಬರಲಿಲ್ಲ ಅಂತ ಗಾಬರಿ ಬೇಡ. ರಸ ತಣ್ಣಗಿದ್ದರೆ ಅದನ್ನೇ ಸ್ವಲ್ಪ ಸ್ವಲ್ಪ ಬೆರೆಸಿ ಯೀಸ್ಟ್‌ನ ಬಿಸಿ ಇಳಿಸಿ. ನೇರ ಹಾಕಬಹುದು ಅಂತ ಪೊಟ್ಟಣದ ಮೇಲೇ ಬರೆದಿದ್ದರೆ ಆ ಮಾತು ಬೇರೆ. ಸಕ್ಕರೆ ಜಾಸ್ತಿ ಇರುವ ಗಟ್ಟಿ ರಸಕ್ಕಾದರೂ ಈ 15 ನಿಮಿಷ ಕೊಡಬಹುದು, ಅಲ್ವಾ?

– ಒಬ್ಬ ಓದುಗ