ಸಂಸದರೇ, ನಮ್ಮ ಅಜ್ಜಿ ಬದುಕಿದ್ದಾರೆ, ಮನೆಗೆ ಬಂದು ನೋಡಿ

ನಮ್ಮ ಬೆಂಗಳೂರಿನ ಸಂಸದರಿಗೆ ನಮಸ್ಕಾರ.

ಸರ್, ಆರು ವರ್ಷ ಸುಮ್ನಿದ್ದೆ. ಇನ್ನು ಆಗುವುದಿಲ್ಲ.

ಅಜ್ಜಿಗೆ ಈಗ 82. ತಾತ ನೌಕಾಪಡೆಯಲ್ಲಿ 15 ವರ್ಷ ಇದ್ದವರು. ಅವರು ಹೋದ ಮೇಲೆ ಅಜ್ಜಿಗೆ ಫ್ಯಾಮಿಲಿ ಪೆನ್ಷನ್ ಬರುತ್ತದೆ. ಅದಕ್ಕೆ ಪ್ರತಿ ವರ್ಷ ಲೈಫ್ ಸರ್ಟಿಫಿಕೇಟ್, ಅಂದರೆ ಬದುಕಿದ್ದೇನೆ ಅನ್ನುವ ಪುರಾವೆ ಕೊಡಬೇಕು. ನಿಯಮ ನಿಮಗೆ ಗೊತ್ತೇ ಇದೆ. 80 ದಾಟಿದವರು ಅಕ್ಟೋಬರ್ 1ರಿಂದಲೇ ಕೊಡಬಹುದು. 70 ದಾಟಿದವರಿಗೆ ಮನೆಗೇ ಬಂದು ತೆಗೆದುಕೊಳ್ಳಿ ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಹೇಳಿದೆ. ನಮ್ಮ ಮನೆಗೆ ಇವತ್ತಿನವರೆಗೂ ಒಬ್ಬರೂ ಬಂದಿಲ್ಲ.

ಕಳೆದ ನವೆಂಬರಿನಲ್ಲಿ ಏನಾಯಿತು ಕೇಳಿ. ಸರ್ಟಿಫಿಕೇಟ್ ಕೊಡಬೇಕಾದ ಆಫೀಸು ಮೊದಲನೇ ಮಹಡಿಯಲ್ಲಿ, ಲಿಫ್ಟ್ ಇಲ್ಲ. ನಾನೂ ಆಟೋ ಡ್ರೈವರೂ ಸೇರಿ ಅಜ್ಜಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಹೊತ್ತುಕೊಂಡು ಹೋದೆವು. ಪಾಪ, ಆತ ಬಾಡಿಗೆ ಬಿಟ್ಟು ಬೇರೆ ಒಂದು ರೂಪಾಯಿ ಕೇಳಲಿಲ್ಲ. ಬೆರಳಚ್ಚು ಮಷೀನು ಹತ್ತು ಬೆರಳಲ್ಲಿ ಒಂದನ್ನೂ ತೆಗೆದುಕೊಳ್ಳಲಿಲ್ಲ. ತಾತ ಸಮುದ್ರದ ಮೇಲಿದ್ದಾಗ ಶ್ರೀರಾಂಪುರದ ಬಾಡಿಗೆ ಮನೆಯಲ್ಲಿ ಎರಡು ಮಕ್ಕಳನ್ನು ಇಟ್ಟುಕೊಂಡು ಅಗರಬತ್ತಿ ಹೊಸೆದ ಬೆರಳುಗಳು ಸರ್ ಅವು, ಗೆರೆ ಎಲ್ಲಿ ಉಳಿದಿರುತ್ತದೆ? ಮನೆಯಲ್ಲಿ ಮೊಬೈಲಿನಲ್ಲಿ ಮುಖ ತೋರಿಸಿಯೂ ನೋಡಿದ್ದೆ, ಆಪರೇಷನ್ ಆದ ಕಣ್ಣು ಸರಿಯಾಗಿ ಮಿಟುಕಿಸಲು ಆಗದೆ ಅದೂ ಆಗಲಿಲ್ಲ. ಅಲ್ಲಿದ್ದವರು ಅಜ್ಜಿಯ ಮುಂದೆಯೇ ಅಂದರು, "ಬದುಕಿದ್ದಾರೆ ಅಂತ ಸಿಸ್ಟಂ ಒಪ್ಪುತ್ತಿಲ್ಲ, ನಾಳೆ ಬನ್ನಿ." ನಾಲ್ಕು ತಿಂಗಳು ಪೆನ್ಷನ್ ನಿಂತಿತು. ಮಾತ್ರೆಗೆ ಅಂತ ಅಜ್ಜಿ ಓಲೆ ಅಡ ಇಟ್ಟರು.

ತಾತ ವಿಮಾನ ಹೊತ್ತೊಯ್ಯುವ ವಿಕ್ರಾಂತ್ ಹಡಗಿನ ಬಾಯ್ಲರ್ ರೂಮಿನಲ್ಲಿದ್ದರು. 1971ರ ಪಾಕಿಸ್ತಾನ ಯುದ್ಧದ ಹೊತ್ತಿಗೆ ಅದರ ನಾಲ್ಕು ಬಾಯ್ಲರ್‌ಗಳಲ್ಲಿ ಒಂದು ಬಿರುಕು ಬಿಟ್ಟಿತ್ತು. ಉಳಿದ ಮೂರನ್ನೇ ನಂಬಿಕೊಂಡು ಬಂಗಾಳ ಕೊಲ್ಲಿಗೆ ಹೋದರು. ಡಿಸೆಂಬರ್ 4ರಂದು ಅದೇ ಹಡಗಿನ ಸೀ ಹಾಕ್ ವಿಮಾನಗಳು ಆಗಿನ ಪೂರ್ವ ಪಾಕಿಸ್ತಾನದ ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದ್ದನ್ನು ಊರೆಲ್ಲ ಕೊಂಡಾಡುವಾಗ ತಾತ ಹೇಳುತ್ತಿದ್ದದ್ದು ಇಷ್ಟೇ, "ನಾನು ಒಂದು ವಿಮಾನ ಹಾರಿದ್ದೂ ನೋಡಲಿಲ್ಲ ಮಗಾ, ಕೆಳಗೆ ನಮಗೆ ಸದ್ದು ಮಾತ್ರ." ಇತ್ತ ನೌಕಾಪಡೆಯ ಇನ್ನೊಂದು ಹಡಗು ಖುಕ್ರಿ ಮುಳುಗಿದ ಸುದ್ದಿ ಬಂತು. ಡಿಸೆಂಬರ್ 9ರ ರಾತ್ರಿ ದೀವ್ ಹತ್ತಿರ, 18 ಅಧಿಕಾರಿಗಳು, 176 ನಾವಿಕರು ತೀರಿಕೊಂಡರು. ಅಜ್ಜಿಯ ಕಿವಿಗೆ ಬಿದ್ದದ್ದು "ನಮ್ಮ ಹಡಗು ಮುಳುಗಿತು" ಅನ್ನುವ ಮಾತು ಮಾತ್ರ. ಯಾವ ಹಡಗು ಅಂತ ಪಕ್ಕದ ಮನೆ ರೇಡಿಯೋ ಮುಂದೆ ಕೂತು ತಿಳಿದುಕೊಂಡರು. ಆದರೂ ತಾತನ ಇನ್‌ಲ್ಯಾಂಡ್ ಲೆಟರ್ ಬರುವವರೆಗೂ ಅನ್ನ ಸೇರಲಿಲ್ಲವಂತೆ. ಆ ಲೆಟರ್ ಈಗಲೂ ಟ್ರಂಕಿನಲ್ಲಿದೆ.

ಡಿಸೆಂಬರ್ 4ಕ್ಕೆ ನೌಕಾಪಡೆ ದಿನ ಅಂತ ಎಲ್ಲರೂ ಶುಭಾಶಯ ಹಾಕುತ್ತಾರೆ. ಅಜ್ಜಿಗೆ ಅದು ಬೇಡ. ಮನೆಗೆ ಒಬ್ಬರನ್ನು ಕಳಿಸಿ, ಅಷ್ಟು ಸಾಕು. ಕಣ್ಣಾರೆ ನೋಡಿ, ಕಾಗದದ ಮೇಲೆ ಸಹಿ ಹಾಕಿಸಿಕೊಂಡು ಹೋಗಲಿ. ಅಜ್ಜಿ ಒಬ್ಬರಿಗೇ ಅಲ್ಲ, ಈ ಊರಲ್ಲಿ ಮೆಟ್ಟಿಲು ಹತ್ತಲಾಗದ ಪ್ರತಿಯೊಬ್ಬ ಪೆನ್ಷನ್‌ದಾರರ ಮನೆಗೂ ಕಳಿಸಿ. ಆ ಕುರ್ಚಿಯಲ್ಲಿ ಅವರನ್ನು ಇನ್ನೊಂದು ಸಲ ಹೊರುವುದಿಲ್ಲ ಸರ್, ದಾರಿಯುದ್ದಕ್ಕೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು.

ಅಕ್ಟೋಬರ್ 1ಕ್ಕೆ ಕಳಿಸಿ. ಬೆಳಗ್ಗೆ ಹತ್ತರ ಮೇಲೆ ಅಜ್ಜಿ ಬಾಗಿಲ ಹತ್ತಿರವೇ ಬಿಸಿಲು ಕಾಯಿಸುತ್ತಾ ಕೂತಿರುತ್ತಾರೆ.

ಇಂತಿ,
ಒಬ್ಬ ನಾವಿಕನ ಮೊಮ್ಮಗ