ಚಿಗರಿ ತೋರಿಸಿ ಮುಧೋಳ ಮರಿ ಪಳಗಿಸಬೇಡಿ

ಮಾನ್ಯ ಸಂಪಾದಕರೇ,

ಹೋದ ತಿಂಗಳು ಊರಿಂದ ಪುಣೆಗೆ ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕಕ್ಕೆ ಒಬ್ಬ ಹುಡುಗ ಕೂತಿದ್ದ. ನಮ್ಮ ಜಮಖಂಡಿ ಕಡೆಯವನೇ, ಚಾಕಣದಲ್ಲಿ ಕೆಲಸ. ಮೊಬೈಲ್ ತೆಗೆದು ತನ್ನ ಮುಧೋಳ ನಾಯಿಮರಿಯ ವಿಡಿಯೊ ತೋರಿಸಿದ. ಎಂಟು ತಿಂಗಳ ಮರಿ, ನೋಡಲು ಎಷ್ಟು ಚೆಂದ! ದಿನಾ ಬೈಕಿನ ಹಿಂದೆ ಓಡಿಸುತ್ತಾರಂತೆ. ಭಾನುವಾರ ಪುಣೆ ಜಿಲ್ಲೆಯ ಸುಪೆ ಕಡೆಯ ಹುಲ್ಲಿನ ಮಾಳಕ್ಕೆ ಒಯ್ದು, ಚಿಗರಿ (ಹುಲ್ಲೆ) ಕಂಡರೆ ಹಗ್ಗ ಬಿಚ್ಚುತ್ತಾರಂತೆ. "ಹಿಡಿಯೋದಿಲ್ಲ ಅಣ್ಣಾ, ಸುಮ್ನೆ ಟ್ರೈನಿಂಗ್" ಅಂದ. ಹುಡುಗ ಕೆಟ್ಟವನಲ್ಲ, ಆದರೆ ಆ ಮಾತು ನನ್ನ ತಲೆಯಿಂದ ಹೋಗುತ್ತಿಲ್ಲ.

ನಾನೂ ಮುಧೋಳ ನಾಯಿ ಸಾಕಿದವನು. ನಮ್ಮ ಗಂಗಿಗೆ ಈಗ ನಾಲ್ಕು ವರ್ಷ. ಈ ತಳಿ ಹುಟ್ಟಿದ್ದೇ ಬೇಟೆಗೆ, ಅದನ್ನು ಮುಚ್ಚಿಡುವುದು ಬೇಡ. ಮುಧೋಳದ ಘೋರ್ಪಡೆ ಅರಸರು ಇದನ್ನು ಬೆಳೆಸಿದರು. ಇಲ್ಲಿ ಮಹಾರಾಷ್ಟ್ರದಲ್ಲಿ ಇದನ್ನೇ ಕಾರವಾನ್ ಅನ್ನುತ್ತಾರೆ. 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂತು, ಸೈನ್ಯವೂ ಮರಿಗಳನ್ನು ಮೀರತ್‌ಗೆ ಒಯ್ದು ತರಬೇತಿ ಕೊಟ್ಟಿತು. ಇದನ್ನೆಲ್ಲ ಕೇಳಿದರೆ ನಮಗೆ ಎದೆ ಉಬ್ಬುತ್ತದೆ, ಅಲ್ವಾ? ಆದರೆ ಬೀಳಗಿ, ಮುಧೋಳ ತಾಲೂಕುಗಳಲ್ಲೇ ಚಿಂಕಾರ ಅನ್ನುವ ಚಿಗರಿಗಾಗಿಯೇ ಯಡಹಳ್ಳಿ ವನ್ಯಧಾಮ ಇದೆ ಅಂತ ನಮ್ಮವರಲ್ಲಿ ಎಷ್ಟು ಮಂದಿಗೆ ಗೊತ್ತು? ಅದೇ ನೆಲ ಈ ನಾಯಿಯನ್ನೂ ಕೊಟ್ಟಿದೆ, ಆ ಚಿಗರಿಯನ್ನೂ ಇಟ್ಟುಕೊಂಡಿದೆ. ಇಲ್ಲಿ ಪುಣೆ ಜಿಲ್ಲೆಯಲ್ಲಿ ಸುಪೆ ಹತ್ತಿರದ ಮಯೂರೇಶ್ವರ ವನ್ಯಧಾಮವೂ ಚಿಂಕಾರಕ್ಕೇ ಹೆಸರಾದದ್ದು. ಅದು ಐದು ಚದರ ಕಿಲೊಮೀಟರ್ ಆಸುಪಾಸಿನ ಸಣ್ಣ ಜಾಗ. ಬೇಲಿ ದಾಟಿದರೆ ಹೊಲ, ರಸ್ತೆ, ಮನೆ. ಅಲ್ಲಿಂದ ಹೊರಬಿದ್ದ ಚಿಗರಿ ನಾಯಿಗೆ ಹೆದರಿ ಎಲ್ಲಿಗೆ ಓಡಬೇಕು?

"ಹಿಡಿಯೋದಿಲ್ಲ" ಅನ್ನುವ ಮಾತಿಗೆ ಬರುತ್ತೇನೆ. ನಾಯಿ ಬಾಯಿ ಹಾಕದೇ ಇದ್ದರೂ ಚಿಗರಿ ಸಾಯಬಹುದು. ಪ್ರಾಣಭಯದಲ್ಲಿ ಮಿತಿ ಮೀರಿ ಓಡಿದಾಗ ಅದರ ಮೈ ವಿಪರೀತ ಬಿಸಿಯಾಗುತ್ತದೆ, ತೊಡೆಯ ಸ್ನಾಯುಗಳು ಒಳಗೊಳಗೇ ಹಾಳಾಗುತ್ತವೆ, ಆ ಹಾಳಾದದ್ದು ರಕ್ತಕ್ಕೆ ಸೇರಿ ಮೂತ್ರಪಿಂಡಕ್ಕೆ ಹೊಡೆತ ಕೊಡುತ್ತದೆ. ಪಶುವೈದ್ಯರು ಇದಕ್ಕೆ ಕ್ಯಾಪ್ಚರ್ ಮಯೋಪತಿ ಅನ್ನುತ್ತಾರೆ. ಪ್ರಾಣಿ ಅಲ್ಲೇ ಬೀಳಬಹುದು, ಇಲ್ಲಾ ಎರಡು ಮೂರು ದಿನ ಬಿಟ್ಟು ಯಾವುದೋ ಜಾಲಿ ಗಿಡದ ಕೆಳಗೆ ಸಾಯಬಹುದು. ನೀವು ಅಷ್ಟೊತ್ತಿಗೆ ಮನೆ ಸೇರಿ ವಿಡಿಯೊ ಹಾಕಿ ಮುಗಿದಿರುತ್ತದೆ. ಇನ್ನು ಮರಿ ಹಾಕಿದ ತಾಯಿ ಚಿಗರಿಯಾದರೆ ಮರಿಯನ್ನು ಹುಲ್ಲಿನಲ್ಲಿ ಮಲಗಿಸಿ ದೂರ ಮೇಯುತ್ತಿರುತ್ತದೆ. ಆ ಮರಿ ಅಲುಗಾಡದೆ ಬಿದ್ದಿರುತ್ತದೆ, ಓಡಲು ಅದಕ್ಕೆ ಶಕ್ತಿಯೇ ಬಂದಿರುವುದಿಲ್ಲ. ಅದು ನಾಯಿಯ ಕಾಲಿಗೆ ಸಿಕ್ಕರೆ ಏನು ಮಾಡುತ್ತೀರಿ?

ಕಾನೂನು 1972ರಿಂದ ಇದೆ. ವನ್ಯಜೀವಿ ಕಾಯ್ದೆಯಲ್ಲಿ ಕೊಲ್ಲುವುದು ಮಾತ್ರವಲ್ಲ, ಕೊಲ್ಲುವ ಹಿಡಿಯುವ ಪ್ರಯತ್ನವೂ ಬೇಟೆಯೇ. ಚಿಂಕಾರ, ಕೃಷ್ಣಮೃಗ ಎರಡೂ ಹೆಚ್ಚಿನ ರಕ್ಷಣೆಯ ಮೊದಲನೇ ಪಟ್ಟಿಯಲ್ಲಿವೆ, ಶಿಕ್ಷೆ 3ರಿಂದ 7 ವರ್ಷ ಜೈಲು. ಮೊಲ ಹಿಡಿದರೂ ತಪ್ಪೇ. ಕೆಲಸಕ್ಕೆಂದು ಊರು ಬಿಟ್ಟು ಬಂದ ಹುಡುಗರು ಸುಮ್ನೆ ಇದರಲ್ಲಿ ಸಿಕ್ಕಿಹಾಕಿಕೊಳ್ಳಬಾರದು.

ಆ ಹುಡುಗ ಅಮೆರಿಕದ ವಿಡಿಯೊಗಳನ್ನೂ ತೋರಿಸಿದ. ಅಲ್ಲಿನ ದಕ್ಷಿಣದ ಕೆಲವು ರಾಜ್ಯಗಳಲ್ಲಿ ನಾಯಿ ಬಿಟ್ಟು ಜಿಂಕೆ ಬೇಟೆ ಆಡಲು ಕಾನೂನೇ ಒಪ್ಪುತ್ತದೆ. ಎಳೆ ನಾಯಿಯನ್ನು ಹಳೆ ನಾಯಿಗಳ ಜತೆ ಬಿಟ್ಟು ಕಲಿಸುತ್ತಾರೆ. ಆದರೆ ಅವು ಮೂಗಿನ ನಾಯಿಗಳು. ವಾಸನೆ ಹಿಡಿದು, ದಾರಿಯುದ್ದಕ್ಕೂ ಬೊಗಳುತ್ತಾ ಹೋಗುತ್ತವೆ, ಆ ದನಿ ಕೇಳಿಯೇ ಬೇಟೆಗಾರರು ಜಾಗ ಹಿಡಿಯುತ್ತಾರೆ. ಮುಧೋಳ ಹಾಗಲ್ಲ, ಅದು ಕಣ್ಣಿನ ನಾಯಿ. ದೂರದಲ್ಲಿ ಏನೋ ಅಲುಗಾಡಿತು ಅಂದರೆ ಸದ್ದಿಲ್ಲದೆ ಬಾಣದ ಹಾಗೆ ಹೊರಡುತ್ತದೆ, ಆಮೇಲೆ ನೀವು ಎಷ್ಟು ಕೂಗಿದರೂ ಅದರ ಕಿವಿಗೆ ಬೀಳುವುದಿಲ್ಲ. ಅಂಥದ್ದಕ್ಕೆ ಬೆನ್ನಟ್ಟುವುದನ್ನು ಯಾರೂ ಕಲಿಸಬೇಕಿಲ್ಲ. ಕಲಿಸಬೇಕಾದ್ದು ಕರೆದಾಗ ವಾಪಸ್ ಬರುವುದನ್ನು.

ಇದನ್ನು ನಾನು ಗಂಗಿಯಿಂದಲೇ ಕಲಿತೆ. ಅವಳಿಗೆ ಹನ್ನೊಂದು ತಿಂಗಳಿದ್ದಾಗ ಸಾಸವಡದ ಆಚೆ ಖಾಲಿ ಬಯಲು ಅಂತ ಬಿಟ್ಟೆ. ಒಂದು ಮೊಲ ಎದ್ದಿತು. ಗಂಗಿ ಕಣ್ಣಿಗೇ ಕಾಣದಂತೆ ಹೋದಳು. ಮುಕ್ಕಾಲು ಗಂಟೆ ಹುಡುಕಿದೆ. ಬರುವಾಗ ಎದೆಯ ಮೇಲೆ ಗೇಣುದ್ದ ಗಾಯ, ಮುಳ್ಳುತಂತಿ ಹರಿದಿತ್ತು. ಅಲ್ಲಿಂದ ನೂರು ಹೆಜ್ಜೆಯಲ್ಲಿ ಕಟ್ಟೆ ಇಲ್ಲದ ಬಾವಿ ಇತ್ತು. ಈಗಲೂ ನೆನೆದರೆ ಹೊಟ್ಟೆ ತೊಳಸುತ್ತದೆ. ತಪ್ಪು ನನ್ನದೇ.

ಆಮೇಲೆ ಮೊದಲಿಂದ ಶುರು ಮಾಡಿದೆ. ಹತ್ತು ಮೀಟರ್ ಹಗ್ಗ, ಒಂದು ಸೀಟಿ, ಜೇಬಿನಲ್ಲಿ ಬೇಯಿಸಿದ ಕೋಳಿ ಚೂರು. ಸೀಟಿ ಊದಿದಾಗ ಬಂದರೆ ಕೋಳಿ. ಬರದಿದ್ದರೆ ಬೈಗುಳ ಇಲ್ಲ, ಹಗ್ಗ ಮೆಲ್ಲಗೆ ಎಳೆದುಕೊಳ್ಳುವುದು. ಬಂದ ನಾಯಿಗೆ ಒಮ್ಮೆ ಹೊಡೆದರೆ ಸಾಕು, ಮುಂದೆ ಅದು ಬರುವುದೇ ಇಲ್ಲ. ಮರಿಯನ್ನು ಎರಡು ಮೂರು ತಿಂಗಳಲ್ಲೇ ಆಡು, ಕುರಿ, ಕೋಳಿ ಇರುವ ಕಡೆ ಕೂರಿಸಿಕೊಂಡು ತೋರಿಸಬೇಕು, ಹಗ್ಗ ಬಿಡದೆ. ಒಂದು ವರ್ಷ ತುಂಬುವವರೆಗೆ ಬೈಕಿನ ಹಿಂದೆ ಓಡಿಸುವುದಂತೂ ಬೇಡವೇ ಬೇಡ, ಇನ್ನೂ ಬೆಳೆಯುತ್ತಿರುವ ಮೂಳೆಗೆ, ಕೀಲಿಗೆ ಪೆಟ್ಟು. ಎಳೆ ಮರಿಗೆ ತನಗೆ ಬೇಕಾದಷ್ಟು ಆಡಿಕೊಳ್ಳಲು ಬಿಟ್ಟರೆ ಸಾಕು. ಬೆಳೆದ ಮೇಲೆ ಬೆನ್ನಟ್ಟುವ ಹುಮ್ಮಸ್ಸಿಗೆ ಒಂದು ಬಿದಿರು ಕೋಲು, ಅದಕ್ಕೆ ಹಗ್ಗ, ತುದಿಗೆ ಹಳೇ ಬಟ್ಟೆ. ಗೋಡೆ ಇರುವ ಮೈದಾನದಲ್ಲಿ ಅದನ್ನು ನೆಲಕ್ಕೆ ತಾಗಿಸಿ ಸುತ್ತಿಸಿದರೆ ಗಂಗಿ ಹತ್ತು ನಿಮಿಷದಲ್ಲಿ ನಾಲಿಗೆ ಚಾಚಿ ಮಲಗುತ್ತಾಳೆ. ಬೇಸಿಗೆಯಲ್ಲಿ ಬೆಳಿಗ್ಗೆ ಏಳರ ಒಳಗೆ ಮುಗಿಸುತ್ತೇವೆ.

ಇನ್ನೊಂದು ಮಾತು. ಈ ಮಾಳಗಳಲ್ಲಿ ತೋಳ, ನರಿಗಳೂ ಇವೆ. ಲಸಿಕೆ ಹಾಕಿಸದ ನಾಯಿಯಿಂದ ಡಿಸ್ಟೆಂಪರ್ ಅನ್ನುವ ವೈರಸ್ ರೋಗ, ರೇಬೀಸ್ ಅವಕ್ಕೂ ಹಬ್ಬಬಹುದು. ದಯವಿಟ್ಟು ಲಸಿಕೆ ತಪ್ಪಿಸಬೇಡಿ.

ಊರಲ್ಲಿ ಮರಿ ಮಾರುವವರಿಗೂ ಒಂದು ವಿನಂತಿ ಇದೆ. "ಚಿಗರಿ ಹಿಡಿಯುವ ನಾಯಿ" ಅಂತ ಹೇಳಿ ಮಾರಬೇಡಿ, ಪುಣೆ ಮುಂಬೈಗೆ ಒಯ್ಯುವವರಿಗೆ ಇದಕ್ಕೆ ಎಷ್ಟು ಜಾಗ ಬೇಕು, ಕರೆದಾಗ ಬರಲು ಹೇಗೆ ಕಲಿಸಬೇಕು ಅಂತ ಎರಡು ಮಾತು ಹೇಳಿ ಕಳಿಸಿ. ಪುಣೆಯಲ್ಲಿ ಮುಧೋಳ ಸಾಕಿದ ಕನ್ನಡಿಗರು ಕಡಿಮೆಯೇನಿಲ್ಲ. ನಾವೆಲ್ಲ ಸೇರಿ ಬೇಲಿ ಇರುವ ಒಂದು ಮೈದಾನ ಬಾಡಿಗೆಗೆ ಹಿಡಿದರೆ ಭಾನುವಾರ ನಾಯಿಗಳು ಮನಸಾರೆ ಓಡಬಹುದು. ಬಸ್ಸಿನಲ್ಲಿ ಸಿಕ್ಕ ಆ ಹುಡುಗ ಈ ಪತ್ರ ಓದುತ್ತಿದ್ದರೆ ಅವನೂ ಮರಿ ಕರೆದುಕೊಂಡು ಬರಲಿ, ನಮ್ಮ ಬಿದಿರು ಕೋಲು ಅವನಿಗೇ ಕೊಡುತ್ತೇನೆ.

ಇಂತಿ,
ನಿಮ್ಮ ಓದುಗ
ನಿಗಡಿ, ಪುಣೆ