ಯಾವ ಮರ ಅಂತ ಕೇಳಿದೆಯಾ?

ಪ್ರೀತಿಯ ತಮ್ಮಾ,

ನೀನು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಕೆನಡಾದ ಹ್ಯಾಲಿಫ್ಯಾಕ್ಸ್‌ಗೆ ಹೋಗಿ ಇನ್ನೂ ವರ್ಷ ತುಂಬಿಲ್ಲ, ಆಗಲೇ ನೋವಾ ಸ್ಕೋಷಿಯಾದ ಮರ ಕೆತ್ತುವವರ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅಂತ ನಿನಗೆ ಅನ್ನಿಸಿತಲ್ಲ, ನನಗೆ ಬಹಳ ಖುಷಿಯಾಯಿತು. ಮೂವತ್ತು ವರ್ಷದಿಂದ ನಾನು ಈ ದೇಶದಲ್ಲಿದ್ದೇನೆ. ಈ ಕೆಲಸ ನೋಡಿದಾಗೆಲ್ಲ ಇದನ್ನು ನಮ್ಮವರಿಗೆ ಯಾರಾದರೂ ಹೇಳಬೇಕಿತ್ತು ಅಂತ ಅಂದುಕೊಂಡಿದ್ದೇನೆ. ನೀನು ಹೇಳಲು ಹೊರಟಿದ್ದೀಯ. ಅದಕ್ಕೇ ಈ ಪತ್ರ ಸ್ವಲ್ಪ ಉದ್ದ.

ಮೊದಲ ಎರಡು ಪುಟ ತೆಗೆದುಬಿಡು. ಮೂರನೇ ಪುಟದಲ್ಲಿ ಒಂದು ಸಾಲಿದೆ. ನೀನು ನೋಡಲು ಹೋದ ಅಜ್ಜನ ಸ್ವೆಟರಿನ ತೋಳಿಗೆ ಮರದ ಹೊಟ್ಟು ಅಂಟಿಕೊಂಡಿತ್ತು, ಮಾತಾಡುವಾಗ ಅವರು ಅದನ್ನು ಒಂದೊಂದಾಗಿ ಬಿಡಿಸುತ್ತಿದ್ದರು ಅಂತ. ಲೇಖನ ಶುರುವಾಗುವುದೇ ಅಲ್ಲಿ. ಅದಕ್ಕೂ ಮುಂಚೆ ಬರೀ 'ಮುಗ್ಧ', 'ಸರಳ ಜೀವಿ', 'ಮಗುವಿನಂಥ ಮನಸ್ಸು' ಅಂತ ತುಂಬಿಸಿದ್ದೀಯ. ನೀನು ಪ್ರೀತಿಯಿಂದಲೇ ಬರೆದಿದ್ದೀಯ, ಗೊತ್ತು. ಆದರೆ ಆ ಮಾತುಗಳು ಬಂದ ತಕ್ಷಣ ಆ ಅಜ್ಜ ಕಾಣದೆ ಹೋಗುತ್ತಾರೆ.

ಕಾಲಿನ್ಸ್ ಐಸೆನ್‌ಹಾವರ್ ಅವರನ್ನೇ ತೆಗೆದುಕೋ. ನೀನೂ ಅವರ ಹೆಸರು ಹೇಳಿದ್ದೀಯ. 1898ರಲ್ಲಿ ಹುಟ್ಟಿ 1979ರಲ್ಲಿ ತೀರಿಕೊಂಡವರು, ಲೂನೆನ್‌ಬರ್ಗ್ ಕೌಂಟಿಯವರು. ಹೊಲದಲ್ಲಿ ದುಡಿದರು, ಕಾಡಿನಲ್ಲಿ ಮರ ಕಡಿದರು, ಹಡಗಿನಲ್ಲೂ ಕೆಲಸ ಮಾಡಿದರು. ಪೂರ್ತಿಯಾಗಿ ಕೆತ್ತನೆಗೆ ಕೂತಿದ್ದು ವಯಸ್ಸು ಅರವತ್ತು ದಾಟಿದ ಮೇಲೆ. 1976ರಲ್ಲಿ ನೋವಾ ಸ್ಕೋಷಿಯಾದ ಆರ್ಟ್ ಗ್ಯಾಲರಿ ಈ ಥರದ ಕಲಾವಿದರ ದೊಡ್ಡ ಪ್ರದರ್ಶನ ಮಾಡಿದಾಗ ಅವರ ಕೆಲಸ ದೂರದೂರದವರ ಕಣ್ಣಿಗೆ ಬಿತ್ತು. ಈಗ ಯೋಚನೆ ಮಾಡು. ದುಡಿಯುವ ವಯಸ್ಸೆಲ್ಲ ಕೊಡಲಿ, ಗರಗಸ, ಹಗ್ಗಗಳ ಜೊತೆ ಕಳೆದವರು. ಮರ ಎಲ್ಲಿ ಸೀಳುತ್ತದೆ, ಎಲ್ಲಿ ಗಂಟು ಕೊಡುತ್ತದೆ, ಒಣಗಿದಾಗ ಎಷ್ಟು ಬಿರುಕು ಬಿಡುತ್ತದೆ ಅಂತ ಅವರ ಕೈಗೆ ಗೊತ್ತಿತ್ತು. ಕಲಾಶಾಲೆಗೆ ಹೋಗಿಲ್ಲ, ನಿಜ. ಅಷ್ಟಕ್ಕೇ ಅವರನ್ನು 'ಏನೂ ತಿಳಿಯದ ಮುಗ್ಧ' ಅನ್ನೋದು ಸರೀನಾ?

ಅದಕ್ಕೇ ನಿನಗೆ ನನ್ನ ಮೊದಲ ಪ್ರಶ್ನೆ: ಯಾವ ಮರ ಅಂತ ಕೇಳಿದೆಯಾ? ನಿನ್ನ ಇಡೀ ಲೇಖನದಲ್ಲಿ 'ಮರ' ಅನ್ನುವ ಪದ ಹತ್ತಾರು ಸಲ ಬಂದಿದೆ, ಒಂದು ಸಲವೂ ಮರದ ಹೆಸರಿಲ್ಲ. ಪೈನ್ ಬೇರೆ, ಬಾಸ್‌ವುಡ್ ಬೇರೆ. ಬಾಸ್‌ವುಡ್ ಮೆತ್ತಗಿರುತ್ತದೆ, ಅದರ ಎಳೆ ಒಂದೇ ಸಮ. ಚಾಕು ಯಾವ ಕಡೆ ಎಳೆದರೂ ಜಾಸ್ತಿ ಹಠ ಮಾಡುವುದಿಲ್ಲ, ಮುಖದ ಸುಕ್ಕು, ಬೆರಳುಗಳಂಥ ಸಣ್ಣ ಕೆಲಸಕ್ಕೆ ಒಳ್ಳೆಯದು. ಪೈನ್ ಸುಲಭವಾಗಿ ಸಿಗುತ್ತದೆ, ಆದರೆ ಗಂಟು ಬಂದ ಕಡೆ ಚಾಕು ನಿಲ್ಲುತ್ತದೆ. ಅಲ್ಲಿ ಆ ಅಜ್ಜ ಏನು ಮಾಡಿದರು? ಗಂಟನ್ನು ಬಿಟ್ಟು ಸುತ್ತ ಹೋದರಾ, ಅದನ್ನೇ ಹೋರಿಯ ಕಣ್ಣು ಮಾಡಿದರಾ? ನಿನ್ನ ಕಥೆ ಇರುವುದು ಅಲ್ಲಿ.

ಉತ್ತರ ಒಂಟಾರಿಯೋದ ಬಿಯರ್ಡ್‌ಮೋರ್ ಅನ್ನುವ ಪುಟ್ಟ ಊರಲ್ಲಿ ಇವಾಲ್ಡ್ ರೆಂಟ್ಸ್ ಅಂತ ಒಬ್ಬರಿದ್ದರು. ಕ್ಷೌರ ಮಾಡುತ್ತಿದ್ದರು, ಚಿನ್ನದ ಅದಿರು ಹುಡುಕಿಕೊಂಡು ಕಾಡೂ ಅಲೆದವರು. ಕಾಡಿನಲ್ಲಿ ಸಿಕ್ಕಿದ ಕೊಂಬೆ, ಬೇರುಗಳನ್ನು ಮನೆಗೆ ತರುತ್ತಿದ್ದರು. ಡೊಂಕು ಕೊಂಬೆಯೇ ಒಂದು ಪ್ರಾಣಿಯ ಕತ್ತಾಗುತ್ತಿತ್ತು, ಒಬ್ಬ ಮನುಷ್ಯನ ಕಾಲಾಗುತ್ತಿತ್ತು. ಕೆತ್ತಿದ್ದು ಸ್ವಲ್ಪ, ಉಳಿದದ್ದು ಬಣ್ಣ. ಐಸೆನ್‌ಹಾವರ್ ಅವರ ದಾರಿಗೂ ಇದಕ್ಕೂ ಎಷ್ಟು ವ್ಯತ್ಯಾಸ ಇದೆ ನೋಡು. ಇಬ್ಬರನ್ನೂ ಒಂದೇ ವಾಕ್ಯದಲ್ಲಿ ಕಟ್ಟಿಹಾಕಬೇಡ.

ಮರದ ಬಾತುಕೋಳಿಗಳ ಬಗ್ಗೆ ನೀನು ಒಂದೇ ಸಾಲು ಬರೆದಿದ್ದೀಯ. ನನ್ನ ಕೇಳಿದರೆ ಅದಕ್ಕೆ ಒಂದು ಪುಟ ಕೊಡಬೇಕು. ಬೇಟೆಗಾರರು ನಿಜವಾದ ಬಾತುಗಳನ್ನು ನೀರಿಗೆ ಇಳಿಸಲು ಈ ಮರದ ಬಾತುಗಳನ್ನು ತೇಲಿಬಿಡುತ್ತಿದ್ದರು. ಹೆಚ್ಚಾಗಿ ಸೀಡರ್ ಮರ, ಹಗುರ ಇರಲಿ ಅಂತ ಎಷ್ಟೋ ಸಲ ಒಳಗೆ ಟೊಳ್ಳು, ಗಾಳಿಗೆ ಮಗುಚದಿರಲಿ ಅಂತ ಅಡಿಯಲ್ಲಿ ಸೀಸದ ತೂಕ. ಮೇಲೆ ಹಾರುವ ಹಕ್ಕಿ ನಂಬಿ ಕೆಳಗಿಳಿಯಬೇಕು. ಇಳಿಯದಿದ್ದರೆ ಮನೆಗೆ ಬಂದು ಕುತ್ತಿಗೆಯ ಓರೆ ತಿದ್ದಬೇಕು, ರೆಕ್ಕೆಯ ಬಣ್ಣ ತಿದ್ದಬೇಕು. ಹೀಗೆ ತಿದ್ದಿ ತಿದ್ದಿ ಕೈ ಪಳಗಿತು. ಅವರು ಅದನ್ನು ಕಲೆ ಅಂತ ಕರೆಯಲೇ ಇಲ್ಲ. ಪ್ಲಾಸ್ಟಿಕ್ ಬಾತುಗಳು ಬಂದ ಮೇಲೆ ಈ ಹಳೆಯವು ಮ್ಯೂಸಿಯಂ ಸೇರಿದವು.

ಈಗ ಒಂದು ಪದದ ವಿಷಯ. ಇದರಲ್ಲಿ ನಾನು ಸ್ವಲ್ಪ ಹಠಮಾರಿ. ಇಲ್ಲಿನವರು 'ಫೋಕ್ ಆರ್ಟ್' ಅನ್ನುತ್ತಾರೆ, ನೀನು ಅದನ್ನು 'ಜಾನಪದ ಕಲೆ' ಮಾಡಿದ್ದೀಯ. ನಮ್ಮಲ್ಲಿ ಜಾನಪದ ಅಂದರೆ ಓದುವವರ ಮನಸ್ಸಿಗೆ ಏನು ಬರುತ್ತದೆ? ಕಟ್ಟಿದವರು ಯಾರೋ ಗೊತ್ತಿಲ್ಲದ ಹಾಡು, ಊರಿಗೆಲ್ಲ ಸೇರಿದ ಕುಣಿತ, ತಲೆಯಿಂದ ತಲೆಗೆ ಬಂದ ಕಥೆ. ಐಸೆನ್‌ಹಾವರ್ ಕೆತ್ತಿದ್ದು ಹಾಗಲ್ಲ. ಅದು ಒಬ್ಬ ಮನುಷ್ಯನದು, ಅವರಿಗೆ ಹೆಸರಿದೆ. ಪಕ್ಕದ ಮನೆಯವರು ಅದನ್ನು ಮಾಡುತ್ತಿರಲಿಲ್ಲ. ಕ್ವಿಬೆಕ್‌ನ ಫ್ರೆಂಚ್‌ನಲ್ಲಿ ಇಂಥವರನ್ನು 'ಗೊಸ್ಸೊ' ಅನ್ನುತ್ತಾರೆ. ಚಾಕು ಹಿಡಿದು ಮರ ಹೆರೆಯುತ್ತಾ ಕೂರುವವನು ಅಂತ ಅರ್ಥ. ನಮ್ಮ 'ಹೆರೆ' ಅನ್ನುವ ಪದ ಎಷ್ಟು ಚೆನ್ನಾಗಿ ಹೊಂದುತ್ತದೆ ಅಲ್ವಾ? 'ತಾವೇ ಕಲಿತು ಕೆತ್ತಿದವರು' ಅಂತ ಬರೆ, ಸಾಕು.

ಇದೇ ಕಾರಣಕ್ಕೆ ಎರಡು ಹೋಲಿಕೆಗಳನ್ನು ಹೊಡೆದುಹಾಕಿದ್ದೇನೆ. ಒಂದು, ಸಾಗರದ ಗುಡಿಗಾರರದು. ಅವರದು ಮನೆತನದ ಕಸುಬು, ಅಪ್ಪ ಮಗನಿಗೆ ಕಲಿಸಿದ್ದು. ಇನ್ನೊಂದು, ಇಲ್ಲಿನ ಪಶ್ಚಿಮ ಕರಾವಳಿಯ ಮೂಲನಿವಾಸಿಗಳಾದ ಹೈಡಾ ಜನರು ಕೆತ್ತಿ ನಿಲ್ಲಿಸುವ ಟೋಟೆಮ್ ಕಂಬ. ಅಲ್ಲಿ ಗುರು ಇದ್ದಾರೆ, ಯಾವ ಲಾಂಛನ ಯಾವ ಮನೆತನದ್ದು ಅನ್ನುವ ಹಕ್ಕು ಇದೆ, ತುಂಬ ಹಳೆಯ ನಿಯಮ ಇದೆ. ಮರ ಕೆತ್ತುತ್ತಾರೆ ಅನ್ನುವ ಒಂದೇ ಕಾರಣಕ್ಕೆ ಅವರನ್ನು ಇಲ್ಲಿ ತಂದರೆ ಎರಡೂ ಕಡೆಯವರಿಗೆ ಅನ್ಯಾಯ.

ಬದಲಿಗೆ ಸೇಂಟ್-ಜೀನ್-ಪೋರ್ಟ್-ಜೋಲಿ ಊರಿನ ಬೂರ್ಗೊ ಅಣ್ಣತಮ್ಮಂದಿರನ್ನು ಸೇರಿಸು. ಕ್ವಿಬೆಕ್‌ನಲ್ಲಿ ಸೇಂಟ್ ಲಾರೆನ್ಸ್ ನದಿಯ ದಡದ ಊರು. ಹಿರಿಯಣ್ಣ ಮೆದಾರ್ 1897ರಲ್ಲಿ ಹುಟ್ಟಿದವರು. ಹಡಗಿನಲ್ಲಿದ್ದರು, ಬಡಗಿ ಕೆಲಸ ಮಾಡಿದರು, ಜೇಬುಚಾಕುವಿನಲ್ಲಿ ಕೆತ್ತುತ್ತಿದ್ದರು. 1930ರ ಆಸುಪಾಸಿನಲ್ಲಿ ಮಾರಿಯಸ್ ಬಾರ್ಬೋ ಅನ್ನುವ ಸಂಶೋಧಕರು ಆ ಕೆಲಸ ನೋಡಿ ಬೆನ್ನು ತಟ್ಟಿದರು. ಎಲ್ಲೆಲ್ಲೂ ಕೆಲಸ ಸಿಗದ ಕಷ್ಟದ ಕಾಲ ಅದು. ರಸ್ತೆಯಲ್ಲಿ ಹೋಗುವ ಪ್ರವಾಸಿಗಳಿಗೆ ಕೆತ್ತನೆ ಮಾರಿದರು. ತಮ್ಮಂದಿರಾದ ಆಂದ್ರೆ, ಜೀನ್-ಜೂಲಿಯನ್ ಕೂಡ ಅದಕ್ಕೇ ಇಳಿದರು. 1940ರಲ್ಲಿ ಅಲ್ಲೇ ಕೆತ್ತನೆಯ ಶಾಲೆ ಶುರುವಾಯಿತು. ತಾನಾಗಿ ಕಲಿತವನು ಮೇಷ್ಟ್ರಾದ, ಮುಂದೆ ಊರಿಗೆ ಊರೇ ಕೆತ್ತನೆಗೆ ಹೆಸರಾಯಿತು. ಆಗ ಏನು ಬದಲಾಯಿತು? ಅದೇ ಪೈಪ್ ಸೇದುವ ರೈತ, ಅದೇ ಟೋಪಿ ಸಾಲು ಸಾಲಾಗಿ ಅಂಗಡಿಗೆ ಬಂದವು. ಅದನ್ನು ಸುಮ್ನೆ ಹೀಗಳೆಯಬೇಡ. ಆ ರೈತನ ಬೊಂಬೆಯಿಂದ ಎಷ್ಟೋ ಮನೆಯ ಒಲೆ ಉರಿಯಿತು. ಈ ತೊಡಕು ನಿನ್ನ ಲೇಖನದಲ್ಲಿ ಇರಬೇಕು.

ದುಡ್ಡಿನ ಮಾತನ್ನೂ ಬಿಡಬೇಡ. ನೀನಿರುವ ಊರಿನ ಆರ್ಟ್ ಗ್ಯಾಲರಿಯಲ್ಲೇ ಮಾಡ್ ಲೂಯಿಸ್ ಅವರ ಇಡೀ ಮನೆ ಇದೆ. ಒಂದೇ ಕೋಣೆಯ ಮನೆ, ಗೋಡೆ, ಬಾಗಿಲು, ಒಲೆ ಎಲ್ಲದರ ಮೇಲೂ ಹೂವು, ಹಕ್ಕಿ. ಆಕೆ ಕೆತ್ತಿದವರಲ್ಲ, ಚಿತ್ರ ಬರೆದವರು, ಆದರೂ ಹೋಗಿ ನೋಡು. ಸಂಧಿವಾತದಿಂದ ಬೆರಳು ಮಡಚಿಹೋಗಿತ್ತು. ರಸ್ತೆ ಪಕ್ಕ ಎರಡು-ಮೂರು ಡಾಲರಿಗೆ, ಕೊನೆಯ ವರ್ಷಗಳಲ್ಲಿ ಏಳರಿಂದ ಹತ್ತು ಡಾಲರಿಗೆ ಚಿತ್ರ ಮಾರಿದರು. 1970ರಲ್ಲಿ ಬಡತನದಲ್ಲೇ ತೀರಿಕೊಂಡರು. 2022ರಲ್ಲಿ ಆಕೆಯ ಒಂದು ಚಿತ್ರ ಹರಾಜಿನಲ್ಲಿ 3,50,000 ಡಾಲರಿಗೆ ಹೋಯಿತು. ಇದನ್ನು ಓದಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ನನ್ನದೇ ಒಂದು ತಪ್ಪು ಹೇಳುತ್ತೇನೆ. ಬಂದ ಹೊಸದರಲ್ಲಿ ನಾನೂ ಹಳ್ಳಿಯೊಂದರಲ್ಲಿ ಒಬ್ಬ ಅಜ್ಜನನ್ನು ನೋಡಲು ಹೋಗಿದ್ದೆ. ಹುಂಜಗಳನ್ನು ಕೆತ್ತುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಶುರು ಮಾಡಿದ್ದು ಅಂತ ಕೇಳಿದ್ದೇ ತಡ, ಒಂಟಿತನದ ಬಗ್ಗೆಯೇ ಕೇಳುತ್ತಾ ಹೋದೆ. ಅವರು ಎದ್ದು ಹೋಗಿ ಒಂದು ಹುಂಜ ತಂದು ನನ್ನ ಕೈಗೆ ಕೊಟ್ಟರು. "ಬಾಲ ನೋಡು" ಅಂದರು. ನಾನು ನೋಡಿದೆ, ಚೆನ್ನಾಗಿದೆ ಅಂದೆ, ಮತ್ತೆ ಹೆಂಡತಿಯ ಬಗ್ಗೆ ಕೇಳಿದೆ. ಆ ಬಾಲ ಬೇರೆ ಮರದ್ದು, ಎಳೆ ಅಡ್ಡಲಾಗಿ ಬಂದರೆ ಮುರಿಯುತ್ತದೆ ಅಂತ ಬೇರೆ ತುಂಡು ತಂದು ಕೂಡಿಸಿದ್ದರು. ಇದು ನನಗೆ ಹೊಳೆದಿದ್ದು ಎಷ್ಟೋ ವರ್ಷದ ಮೇಲೆ, ನನ್ನ ಹಳೆಯ ಫೋಟೋ ನೋಡುವಾಗ. ಅಷ್ಟೊತ್ತಿಗೆ ಅವರು ಇರಲಿಲ್ಲ. ನನ್ನ ಲೇಖನದಲ್ಲಿ ಅವರ ಕಣ್ಣೀರಿದೆ, ಆ ಬಾಲ ಇಲ್ಲ.

ನಿನ್ನ ಅಜ್ಜ ಇನ್ನೂ ಇದ್ದಾರೆ. ಇನ್ನೊಂದು ಸಲ ಹೋಗು. ಈ ಸಲ ಪ್ರಶ್ನೆಪಟ್ಟಿ ಬೇಡ. ಒಂದು ಮಧ್ಯಾಹ್ನ ಪೂರ್ತಿ ಪಕ್ಕದಲ್ಲಿ ಕೂತುಕೋ, ಅವರು ಯಾವ ಚಾಕು ಯಾವಾಗ ಎತ್ತಿಕೊಳ್ಳುತ್ತಾರೆ ನೋಡು, ಚಾಕುವಿನ ಹಿಡಿಗೆ ಏನು ಸುತ್ತಿದ್ದಾರೆ ನೋಡು. ನೆಲಕ್ಕೆ ಬಿದ್ದ ಒಂದು ಚೂರು ಕೇಳಿ ತೆಗೆದುಕೋ, ಮೂಸಿ ನೋಡು. ಆಮೇಲೆ ಬರೆದು ಕಳಿಸು, ಅಕ್ಷರ ಅಕ್ಷರ ಕೂತು ಓದುತ್ತೇನೆ.

ಅಲ್ಲಿ ಸಮುದ್ರದ ಗಾಳಿ, ಕಿವಿ ಮುಚ್ಚಿಕೊಂಡು ಓಡಾಡು.

ಪ್ರೀತಿಯಿಂದ,
ಅಕ್ಕ
ಒಟ್ಟಾವಾ